ಇನ್ನೂರೈವತ್ತು ಅಕ್ಷರ

ದಾವಣಗೆರೆಯ ಎಸ್ಪಿ ಆಫೀಸಿನೆದುರು, ಬೇವಿನ ಮರದ ಕೆಳಗೆ
ನನ್ನ ಅಂಗಡಿ. ಜೆರಾಕ್ಸು, ಲ್ಯಾಮಿನೇಷನ್, ಆನ್‌ಲೈನ್ ಅರ್ಜಿ.
ಬೋರ್ಡಿನ ಮೇಲೆ ಪಾಸ್‌ಪೋರ್ಟ್ ಅಂತ ಬರೆಸಿದ್ದೇನೆ,
ನನಗೇ ಒಂದಿಲ್ಲ.
ಹರಿಹರದ ಹೊಳೆ ದಾಟಿದರೆ ನನಗದೇ ಪರದೇಶ.

ಮೆಡಿಕಲ್ಲು ಡೆಂಟಲ್ಲು ಓದಲು ಬಂದ ಹೊರದೇಶದ ಹುಡುಗರು
ವರ್ಷಕ್ಕೊಮ್ಮೆ ಬಂದು ಸ್ಟೂಲಿನ ಮೇಲೆ ಕೂರುತ್ತಾರೆ:
ಹಿನ್ನೆಲೆ ಬಿಳಿ, ಕಿವಿ ಕಾಣಬೇಕು, ನಗಬಾರದು.
ಹಲ್ಲಿನ ಡಾಕ್ಟರಾಗುವವನೂ ಹಲ್ಲು ತೋರಿಸುವಂತಿಲ್ಲ.
ಏಡನ್ನಿನ ಅಮ್ಮಾರ್ ಮಾತ್ರ ತಡೆಯದೆ ನಕ್ಕುಬಿಡುತ್ತಿದ್ದ.
ನಾಲ್ಕು ಸಲ ಹೊಡೆದರೆ ಒಂದು ಫೋಟೋ ಪಾಸು.

ಈ ಸಲ ಬಂದದ್ದು ಅವನಲ್ಲ. ಅವನ ಹೆಂಡತಿ ಶಾಹಿನ್ ತಾಜ್,
ಸೊಂಟದ ಮೇಲೆ ಕೂಸು,
ಹಿಂದೆ ಅವರಪ್ಪ ದಾದಾಪೀರ್ ಸಾಬರು,
ಹುಬ್ಬಿನ ತನಕ ಮಂಡಕ್ಕಿ ಭಟ್ಟಿಯ ಮಸಿ.
ಸೀರೆ ಅಂಗಡಿಯ ಕವರಿನಲ್ಲಿ ಕಾಗದಗಳೆಲ್ಲ,
ಕವರಿನ ಮೇಲೆ ದಪ್ಪಗೆ: ಭಾರಿ ರಿಯಾಯಿತಿ.

ಅವ್ವನ ಮಣ್ಣಿಗೆಂದು ಹೋದವನು.
ಹೋದ ಹಿಂದೆಯೇ ಇಲ್ಲಿ ಗಡಿ ಮುಚ್ಚಿತು.
ಸಲಾಲಾ ಅನ್ನುವ ಊರಲ್ಲಿ ವಿಮಾನದ ಮೇಜಿನಾಕೆ
ಪುಸ್ತಕ ತಿರುವಿ, ಮುಚ್ಚಿ,
ಎರಡೂ ಕೈಯಿಂದ ಮರಳಿ ಕೊಟ್ಟಳಂತೆ, ಮರ್ಯಾದೆಯಿಂದಲೇ.

ಆದೇಶ ಹದಿನಾರು ಪುಟ. ಓದಿ ಹೇಳಿದೆ:
ವಿದೇಶೀಯರ ಎಲ್ಲ ವೀಸಾ ಅಮಾನತು, ಈ ಕೆಳಕಂಡವರ ಹೊರತು.
ಕೆಳಗೆ ರಾಯಭಾರಿಗಳು ಕಂಡರು, ಹಡಗಿನವರು ಕಂಡರು,
ಯಂತ್ರ ಜೋಡಿಸಲು ಬರುವವರು, ಅವರ ಸಾಮಾನು.
"ನಮ್ಮ ಹುಡುಗ ಎಷ್ಟನೇ ಸಾಲಲ್ಲಿ ಅದಾನೆ?
ರಿಯಾಯಿತಿ ಎಷ್ಟು ಪರ್ಸೆಂಟ್ ಐತೆ ತಾಯೀ?"
ರಿಯಾಯಿತಿ ಅಲ್ಲ ಸಾಬರೇ, ವಿನಾಯಿತಿ.
"ಎರಡಕ್ಕೂ ಏನು ಫರಕು?"
ರಿಯಾಯಿತಿ ಚೌಕಾಸಿ ಮಾಡಿದರೆ ಸಿಗುತ್ತೆ,
ವಿನಾಯಿತಿ ಮೊದಲೇ ಬರೆದಿರಬೇಕು, ಅಂದೆ.
ಸರಿಯೋ ತಪ್ಪೋ.

ಏಳನೇ ಕಲಮಿನಲ್ಲಿ ಭಾರತೀಯಳ ಪತಿ ಇದ್ದಾನೆ.
ಅಲ್ಲೇ ಕೆಳಗೆ ಸಣ್ಣಕ್ಷರ: ಪತಿಯೆಂದೇ ವೀಸಾ ಪಡೆದಿದ್ದಲ್ಲಿ.
ಅಮ್ಮಾರ್ ಗಂಡ ಹೌದು, ಪುಸ್ತಕದಲ್ಲಿ ವಿದ್ಯಾರ್ಥಿ.
ಬದಲಿಸಿಕೊಂಡರಾಯಿತು, ಪರೀಕ್ಷೆ ಮುಗಿಯಲಿ ಅಂತ,
ಬಾಣಂತನ ಮುಗಿಯಲಿ ಅಂತ.
ಕೂಸಿನದೇನೂ ತಕರಾರಿಲ್ಲ, ಅದು ಚಿಗಟೇರಿ ಆಸ್ಪತ್ರೆಯದು.

ಕೊನೆಯ ಪುಟದಲ್ಲೊಂದು ಚೌಕ:
ವಿಶೇಷ ಕಾರಣವಿದ್ದರೆ ನಮೂದಿಸಿ, ಇಂಗ್ಲಿಷಿನಲ್ಲಿ,
ಇನ್ನೂರೈವತ್ತು ಅಕ್ಷರ ಮೀರದಂತೆ, ಖಾಲಿ ಜಾಗವೂ ಸೇರಿ.
ಸುಂಕದವನ ಮುಂದೆ ಸುಖದುಃಖ ಹೇಳಬೇಡ
ಅಂತಿದ್ದಳು ನನ್ನವ್ವ.
ಆ ಸುಂಕದವನಿಗೆ ಕಿವಿಯಾದರೂ ಇತ್ತು,
ಅವನು ಅಕ್ಷರ ಎಣಿಸುತ್ತಿರಲಿಲ್ಲ.

ಶಾಹಿನ್ ಹೇಳುತ್ತಾ ಹೋದಳು, ನಾನು ಬಡಿಯುತ್ತಾ ಹೋದೆ.
ಅತ್ತೆಯನ್ನು ನೋಡಿದ್ದು ಫೋನಿನಲ್ಲಿ ಮಾತ್ರ.
ಬಿಳಿ ಕೋಟು ಇಸ್ತ್ರಿಯಾಗಿ ಮೊಳೆಯಲ್ಲಿ ತೂಗುತ್ತಿದೆ.
ಅವನ ಸ್ಕೂಟರಿಗೆ ಶುಕ್ರವಾರಕ್ಕೊಮ್ಮೆ ಅಪ್ಪ ಕಿಕ್ ಹೊಡೆಯುತ್ತಾರೆ,
ಬ್ಯಾಟರಿ ಇಳಿಯದಿರಲೆಂದು.
ಕೂಸಿಗೆ ಮೊನ್ನೆ ಕೆಳಗಿನ ಹಲ್ಲು ಮೂಡಿತು,
ಅದನ್ನು ಮೊದಲು ತಾನೇ ನೋಡಬೇಕು ಅಂದಿದ್ದ.

ಚೌಕ ಕೆಂಪಾಯಿತು. ನಾನೂರ ಹನ್ನೆರಡು.
ಕಡಿಯತೊಡಗಿದೆವು.
ಮೊದಲು ಸ್ಕೂಟರು. ಆಮೇಲೆ ಕೋಟು.
ಪ್ಲೀಸ್ ತೆಗೆದೆ, ಆರು ಉಳಿಯಿತು.
ಸತ್ತವರನ್ನು ಮಾತ್ರ ತೆಗೀಬೇಡಿ ಎಂದರು ಸಾಬರು.
ತೆಗೆಯುವಂತೆಯೂ ಇಲ್ಲ, ಮರಣಪತ್ರದ ನಂಬರು ಬೇಕು.
ಇನ್ನೂ ಹದಿನೇಳು ಹೆಚ್ಚು.
ಶಾಹಿನ್ ಪರದೆ ನೋಡಿದಳು, ಕೂಸಿನ ಬಾಯಿ ನೋಡಿದಳು.
"ಹಲ್ಲು ತೆಗೀರಿ ಅಕ್ಕಾ" ಅಂದಳು.

ತೆಗೆದೆ.
ನೋಯದ ಹಾಗೆ ಹೇಗೆ ತೆಗೆಯುವುದು
ಅವನಿಗಾದರೆ ಗೊತ್ತಿರುತ್ತಿತ್ತು.

ಅರ್ಜಿ ಪರಿಶೀಲನೆಯಲ್ಲಿದೆ ಎಂದಿತು ಪರದೆ.
ಎಷ್ಟಾಯ್ತು ಎಂದರು ಸಾಬರು.
ಅರವತ್ತು ಅಂದೆ. ಐವತ್ತು ಮಾಡಿಕೊಳ್ಳಿ ಎಂದರು.
ಮಾಡಿಕೊಂಡೆ.

ಡ್ರಾವರಿನಲ್ಲಿ ಅಮ್ಮಾರ್ ನಕ್ಕ ಫೋಟೋಗಳಿದ್ದವು,
ಹೋದ ವರ್ಷ ರದ್ದಾದವು, ಮೂರು.
ಒಂದನ್ನು ಕೂಸಿನ ಕೈಗಿಟ್ಟೆ.
ಅದು ತಿರುಗಿಸಿ ಮುರುಗಿಸಿ ನೋಡಿ
ಮೂಲೆಯನ್ನು ಕಚ್ಚಿತು.